ವಾಲ್ವ್ ಆಂಪ್ಲಿಫೈಯರ್ ಸೌಂಡು ನಿಜವಾಗ್ಲೂ ಬೇರೆನಾ, ಇಲ್ಲ ನನ್ ಕಿವಿನೇ ಮೋಸ ಮಾಡ್ತಿದ್ಯಾ?

ತುಂಗಾತೀರ, ಶಿವಮೊಗ್ಗ

ಎಲ್ರಿಗೂ ನಮಸ್ಕಾರ. ಹೋದ ತಿಂಗ್ಳು ಮೈಸೂರಲ್ಲಿ ಫ್ರೆಂಡ್ ಮಾವನ ಮನೇಲಿ ಒಂದು ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದ್ಲು ಗಾಜಿನ ಬುಡ್ಡಿ ತರದ ವಾಲ್ವ್ ಇರೋದು) ಕೇಳ್ದೆ, ಇಎಲ್84 ಪುಷ್-ಪುಲ್, ಅಂದ್ರೆ ಇಎಲ್84 ಅನ್ನೋ ವಾಲ್ವ್ ಜೋಡಿಯಾಗಿ ಕೆಲ್ಸ ಮಾಡೋದು ಅಂತ ಹೇಳಿದ್ರು, ಅವ್ರೇ ಕೂತು ಕಟ್ಟಿರೋದಂತೆ. ಹಳೇ ಕೊಳಲು ಎಲ್‌ಪಿ ಒಂದು ಹಾಕಿದ್ರು, ಆಮೇಲೆ ಒಂದು ವೀಣೆ. ಏನಂತ ಹೇಳ್ಲಿ, ವೀಣೆ ತಂತಿ ಮೀಟಿದ್ದು ರೂಮಲ್ಲೇ ಮೀಟಿದಂಗಿತ್ತು, ಕೆಳಗಿನ ಸ್ಥಾಯಿ ತುಂಬಿ ಬರ್ತಿತ್ತು. ನಮ್ಮನೇಲಿರೋದು ಮಾಮೂಲಿ ಟ್ರಾನ್ಸಿಸ್ಟರ್ ಆಂಪು, ಚಾನೆಲ್‌ಗೆ 60 ವ್ಯಾಟ್, ಒಳ್ಳೇ ಸ್ಪೀಕರ್ರೇ ಇದೆ, ಆದ್ರೆ ಊರಿಗೆ ಬಂದು ಅದೇ ರೆಕಾರ್ಡಿಂಗ್ ಹಾಕಿ ಕೇಳಿದ್ರೆ ಯಾಕೋ ಸಪ್ಪೆ ಅನ್ಸಕ್ಕೆ ಶುರುವಾಗಿದೆ.

ಈಗ ನನ್ ತಲೆಬಿಸಿ ಏನಂದ್ರೆ, ಸ್ಪೆಸಿಫಿಕೇಶನ್ ನೋಡಿದ್ರೆ ನನ್ ಆಂಪ್‌ದು ಡಿಸ್ಟಾರ್ಷನ್ (ಆಂಪ್ ತಾನೇ ಸೌಂಡಿಗೆ ಸೇರ್ಸೋ ಕಲಬೆರಕೆ) 0.01%, ಅವ್ರದ್ದು 1% ಹತ್ರ ಅಂತ ಅವ್ರೇ ಹೇಳಿದ್ರು. ನೂರು ಪಟ್ಟು ಕೆಟ್ಟದ್ದು ಹೆಂಗೆ ಚೆನ್ನಾಗ್ ಕೇಳತ್ತೆ? ಇಂಟರ್ನೆಟ್ಟಲ್ಲಿ ಓದಕ್ ಹೋದ್ರೆ ಅರ್ಧ ಜನ ವಾರ್ಮ್, ಏರಿ, ಆರ್ಗ್ಯಾನಿಕ್ ಅಂತ ಕವಿತೆ ಬರೀತಾರೆ, ಇನ್ನರ್ಧ ಜನ ಎಲ್ಲಾ ಬೊಗಳೆ ಅಂತಾರೆ.

ಇನ್ನೆರಡು ಪ್ರಶ್ನೆ. ಆನ್‌ಲೈನಲ್ಲಿ ಮುಂದ್ಗಡೆ ಎರಡು ವಾಲ್ವ್ ಮಿಣಮಿಣ ಅನ್ನೋ ಪುಟ್ಟ ಆಂಪ್ ಸಿಗತ್ತಲ್ಲ, ಅದನ್ನ ತಗೊಂಡ್ರೆ ಈ ಸೌಂಡ್ ಬರತ್ತಾ? ಮತ್ತೆ ಆ ಮಾವನ ಅಟ್ಟದ ಮೇಲೆ ಇನ್ನೊಂದು ಹಳೇ ವಾಲ್ವ್ ಸೆಟ್ ಬಿದ್ದಿದೆ, ಬೇಕಾದ್ರೆ ಹೊತ್ಕೊಂಡ್ ಹೋಗು ಅಂದಿದಾರೆ, ತರ್ಲಾ ಬೇಡ್ವಾ?

ಓಮ್ ನಮಃ, ಬೆಂಗಳೂರು

ಕಿವಿ ಮೋಸ ಮಾಡಿಲ್ಲ ಸಾರ್, ವ್ಯತ್ಯಾಸ ಇದೆ. ಆದ್ರೆ ಅದಕ್ಕೆ ಕಾರಣ ಆ ಗಾಜಿನ ಬುಡ್ಡಿಯೊಳಗಿನ ಮಾಯ ಅಂತ ಜನ ಅಂದ್ಕೊಂಡಿದಾರೆ, ನನ್ ಪ್ರಕಾರ ಮುಕ್ಕಾಲು ಪಾಲು ಕಾರಣ ಆಂಪ್‌ಗೂ ಸ್ಪೀಕರ್‌ಗೂ ಮಧ್ಯ ಇದೆ.

ಮೊದ್ಲು ಡಿಸ್ಟಾರ್ಷನ್ ವಿಷ್ಯ ಮುಗಿಸ್ಬಿಡ್ತೀನಿ. 1% ಅನ್ನೋ ನಂಬರ್ರು ಎಷ್ಟು ಅಂತ ಹೇಳತ್ತೆ, ಎಂಥದ್ದು ಅಂತ ಹೇಳಲ್ಲ. ನೀವು ವೀಣೆ ಕೇಳೋರು, ಸ್ವರದಲ್ಲೇ ಹೇಳ್ತೀನಿ ನೋಡಿ. ಆಂಪ್‌ಗೆ ಷಡ್ಜ ಕೊಟ್ರಿ ಅನ್ಕೊಳಿ, ಟ್ರಯೋಡ್ ಅನ್ನೋ ಸರಳ ಜಾತಿ ವಾಲ್ವ್ ತನ್ ಕಡೆಯಿಂದ ಹೆಚ್ಚಾಗಿ ಸೇರಿಸೋದು ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಕಂಪನ), ಅಂದ್ರೆ ಮೇಲಿನ ಷಡ್ಜ. ಅದು ಹೆಂಗೂ ವೀಣೆ ತಂತಿಯಲ್ಲೇ ಇರೋ ಸ್ವರ, ಅದಕ್ಕೇ 1% ಸೇರಿದ್ರೂ ಕಿವಿ ಗಲಾಟೆ ಮಾಡಲ್ಲ. ಮೂರನೇದು ಮೇಲಿನ ಪಂಚಮ, ಐದನೇದು ಅಂತರ ಗಾಂಧಾರ, ಇವೂ ಪರ್ವಾಗಿಲ್ಲ. ಏಳನೇದಕ್ಕೆ ಬಂದಾಗ ಕಥೆ ಕೆಡತ್ತೆ, ಅದು ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ಕೆಳಗೆ ಎಲ್ಲೂ ಸೇರ್ದಂಗೆ ನಿಂತ್ಕೊಳತ್ತೆ. ಕೆಟ್ಟದಾಗಿ ಡಿಸೈನ್ ಮಾಡಿರೋ ಟ್ರಾನ್ಸಿಸ್ಟರ್ ಆಂಪು ಏಳು, ಒಂಬತ್ತು, ಹನ್ನೊಂದು ಅಂತ ಇಂಥವನ್ನೇ ಸ್ವಲ್ಪ ಸ್ವಲ್ಪ ಉಗುಳತ್ತೆ, ಒಟ್ಟು ಪರ್ಸೆಂಟೇಜ್ ಕಮ್ಮಿನೇ ಇದ್ರೂ ಕರಕರ ಅನ್ಸತ್ತೆ. ಆದ್ರೆ ನಿಮ್ಮ ಆಂಪು 0.01% ಅಂದ್ರಲ್ಲ, ಅಂದ್ರೆ ಮೇನ್ ಸೌಂಡಿಗಿಂತ 80 ಡೆಸಿಬೆಲ್ ಕೆಳಗೆ, ಅದು ಏಳನೇದಾದ್ರೂ ಸರಿ ಹನ್ನೊಂದನೇದಾದ್ರೂ ಸರಿ ನಿಮ್ಗೆ ಕೇಳಲ್ಲ. ಹಂಗಾಗಿ ಮನೆ ಆಂಪ್ ಸಪ್ಪೆ ಅನ್ಸೋದಕ್ಕೆ ಅದು ಕಾರಣ ಅಲ್ವೇ ಅಲ್ಲ.

ಇನ್ನೊಂದು, ಎರಡನೇ ಹಾರ್ಮೋನಿಕ್ ಹಿತ ಅನ್ನೋರು ಅರ್ಧ ಮಾತ್ರ ಹೇಳ್ತಾರೆ. ಒಂದೇ ಸ್ವರ ಬರೋವಾಗ ಹಿತ ಸರಿ, ಎರಡು ಸ್ವರ ಒಟ್ಟಿಗೆ ಬಂದ್ರೆ ಅದೇ ವಕ್ರತೆ ಅವೆರಡರ ಮೊತ್ತನೂ ವ್ಯತ್ಯಾಸನೂ ಹುಟ್ಟಿಸತ್ತೆ. 1000 ಹರ್ಟ್ಸ್, 1100 ಹರ್ಟ್ಸ್ ಕೊಟ್ರೆ 100ನೂ 2100ನೂ ಫ್ರೀಯಾಗಿ ಬರತ್ತೆ, ಯಾರೂ ನುಡಿಸದೇ ಇರೋ ಸ್ವರಗಳು. ಅದಕ್ಕೇ ವಾಲ್ವ್ ಆಂಪ್ ಡೆಮೋ ಕೊಡೋರು ಯಾವಾಗ್ಲೂ ಕೊಳಲು, ವೀಣೆ, ಒಂದು ಗಿಟಾರ್ ಒಂದು ಹೆಣ್ಣುದನಿ ಇಂಥದ್ದೇ ಹಾಕೋದು, ಐವತ್ತು ಪಿಟೀಲು ಇರೋ ಸಿನಿಮಾ ಹಾಡು ಹಾಕ್ಸಿ ನೋಡಿ ಒಂದ್ಸಲ.

ಈಗ ಅಸಲಿ ವಿಷ್ಯ, ಔಟ್‌ಪುಟ್ ಇಂಪಿಡೆನ್ಸ್, ಅಂದ್ರೆ ಸ್ಪೀಕರ್‌ಗೆ ಹೋಗೋ ಕರೆಂಟಿಗೆ ಆಂಪ್ ಒಳಗೇ ಇರೋ ತಡೆ. ನಿಮ್ಮ ಟ್ರಾನ್ಸಿಸ್ಟರ್ ಆಂಪ್‌ದು 0.05 ಓಮ್ ಇರ್ಬಹುದು, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂಚೂರು ವಾಪಸ್ ಕೊಟ್ಟು ತಪ್ಪು ತಿದ್ದೋ ಏರ್ಪಾಡು) ಕಮ್ಮಿ ಇರೋ ವಾಲ್ವ್ ಆಂಪ್‌ದು ಒಂದು ಎರಡು ಓಮ್ ಸಲೀಸಾಗಿ ಇರತ್ತೆ, 300ಬಿ ಅನ್ನೋ ವಾಲ್ವ್ ಒಂಟಿಯಾಗಿ ಓಡ್ಸೋ ಸಿಂಗಲ್ ಎಂಡೆಡ್ ಆಂಪ್ ಆದ್ರೆ ಮೂರರ ತನಕ. ಸ್ಪೀಕರ್ ಮೇಲೆ 8 ಓಮ್ ಅಂತ ಬರ್ದಿರ್ತಾರೆ ಆದ್ರೆ ಅದು ಹೆಸರಿಗೆ ಮಾತ್ರ, ಒಂದು ಫ್ರೀಕ್ವೆನ್ಸಿಲಿ 6 ಓಮ್ ಇರತ್ತೆ, ಬೇಸ್ ರೆಸೊನೆನ್ಸ್ ಹತ್ರ 30ಕ್ಕೆ ಹಾರತ್ತೆ, ಕ್ರಾಸ್‌ಓವರ್ (ಬೇಸ್ ಸ್ಪೀಕರ್‌ಗೂ ಟ್ವೀಟರ್‌ಗೂ ಸೌಂಡ್ ಹಂಚೋ ಜಾಗ) ಹತ್ರ ಇನ್ನೊಂದು ಗುಡ್ಡ. 2 ಓಮ್ ಇರೋ ಆಂಪ್ ಜೋಡಿಸಿ ಲೆಕ್ಕ ಹಾಕಿ, 6 ಓಮ್ ಇದ್ದಲ್ಲಿ ಸುಮಾರು 2.5 ಡೆಸಿಬೆಲ್ ಆಂಪ್ ಒಳಗೇ ಹೋಗ್ಬಿಡತ್ತೆ, 30 ಓಮ್ ಇದ್ದಲ್ಲಿ ಅರ್ಧ ಡೆಸಿಬೆಲ್ ಮಾತ್ರ ಹೋಗತ್ತೆ. ಅಂದ್ರೆ ಬೇಸ್ ಒಂದು ಜಾಗದಲ್ಲಿ ಹತ್ರತ್ರ 2 ಡೆಸಿಬೆಲ್ ಎದ್ದು ನಿಲ್ತು. ನಿಮ್ಮ ಆಂಪಲ್ಲಿ ಇದೇ ವ್ಯತ್ಯಾಸ 0.1 ಡೆಸಿಬೆಲ್ಲೂ ಆಗಲ್ಲ. ಜೊತೆಗೆ ಡ್ಯಾಂಪಿಂಗ್, ಅಂದ್ರೆ ಕೋನ್ ಮೇಲೆ ಆಂಪ್‌ನ ಹಿಡಿತ, ಕಮ್ಮಿ ಆಗೋದ್ರಿಂದ ಬೇಸ್ ಕೋನ್ ನಿಲ್ಲೋದಕ್ಕೆ ಸ್ವಲ್ಪ ಜಾಸ್ತಿ ಟೈಮ್ ತಗೊಳತ್ತೆ. ತುಂಬಿ ಬರ್ತಿತ್ತು ಅಂದ್ರಲ್ಲ, ಇದೇ.

ನಂಬಿಕೆ ಬರ್ಲಿಲ್ಲ ಅಂದ್ರೆ ನಮ್ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಪುಡಿಗಾಸಿಗೆ ಸಿಗೋ 2 ಓಮ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಎರಡು ತಗೊಳಿ (ಶಿವಮೊಗ್ಗದಲ್ಲೂ ಸಿಗತ್ತೆ ಬಿಡಿ), ಚಾನೆಲ್‌ಗೆ ಒಂದರಂತೆ ಆಂಪ್‌ನ ಪ್ಲಸ್‌ಗೂ ಸ್ಪೀಕರ್‌ಗೂ ಮಧ್ಯ ಸೀರೀಸಲ್ಲಿ ಹಾಕಿ ಕೇಳಿ. ಆಂಪ್‌ಗೆ ಏನೂ ಅಪಾಯ ಇಲ್ಲ. ರೆಸಿಸ್ಟರ್ ಬಿಸಿ ಆಗತ್ತೆ, ಕರ್ಟನ್‌ಗೆ ತಾಗ್ದಂಗೆ ಇಡಿ ಅಷ್ಟೇ.

ಆ ಆನ್‌ಲೈನ್ ಮಿಣಮಿಣ ಆಂಪ್ ಬಗ್ಗೆ: ಅವುಗಳಲ್ಲಿ ತುಂಬಾದ್ರಲ್ಲಿ ವಾಲ್ವ್ ಅಡೀಲಿ ಒಂದು ಎಲ್‌ಇಡಿ ಇರತ್ತೆ, ಕಿತ್ತಳೆ ಬೆಳಕು ಅದರದ್ದೇ. ವಾಲ್ವ್‌ಗೆ ಸಿಗೋದು ನಾಲ್ಕು ಕಾಸಿನ ವೋಲ್ಟೇಜು, ಸ್ಪೀಕರ್ ಓಡ್ಸೋದು ಒಳಗಿರೋ ಕ್ಲಾಸ್ ಡಿ ಅನ್ನೋ ಟ್ರಾನ್ಸಿಸ್ಟರ್ ಚಿಪ್ಪು. ಔಟ್‌ಪುಟ್ ಇಂಪಿಡೆನ್ಸು ಚಿಪ್‌ದೇ ಆದ್ಮೇಲೆ ನಿಮ್ಗೆ ಬೇಕಾದ ಸೌಂಡ್ ಎಲ್ಲಿಂದ ಬರ್ಬೇಕು.

ಕೆಂಪುಹುಂಜ, ಬೆಂಗಳೂರು

ಗುರು ಮೇಲಿನ ಲೆಕ್ಕ ಎಲ್ಲಾ ಮನೇಲಿ ಹಾಡು ಕೇಳೋರಿಗೆ ಸರಿ, ಗಿಟಾರ್ ಬಾರ್ಸೋರ ಹತ್ರ ಬಂದು ಮುಕ್ಕಾಲು ಪಾಲು ಇಂಪಿಡೆನ್ಸು ಅಂದ್ರೆ ಒಪ್ಪಲ್ಲ. ನಮ್ಗೆ ಆಂಪೇ ವಾದ್ಯ. 1962ರಲ್ಲಿ ಲಂಡನ್ನಲ್ಲಿ ಮಾರ್ಷಲ್ ಅಂಗಡಿಯೋರು ಅಮೆರಿಕದ ಫೆಂಡರ್ ಕಂಪೆನಿಯ ಬಾಸ್‌ಮನ್ ಆಂಪ್ ಸರ್ಕ್ಯೂಟ್ ನೋಡ್ಕೊಂಡು ಜೆಟಿಎಂ45 ಆಂಪ್ ಮಾಡಿದ್ದು, ಅದನ್ನ ಜನ ಕಿವಿ ಹರಿಯೋ ತರ ಫುಲ್ ತಿರುಗ್ಸಿ ಬಾರ್ಸಿದ್ದು, ರಾಕ್ ಗಿಟಾರ್ ಸೌಂಡ್ ಅಂತ ನಾವು ಕರೆಯೋದೇ ಆ ಓವರ್‌ಲೋಡ್‌ನ. ವಾಲ್ವ್ ಅದರ ಮಿತಿ ದಾಟೋವಾಗ ಅಲೆ ತುದಿ ಮೆಲ್ಲಗೆ ದುಂಡಾಗತ್ತೆ, ಟ್ರಾನ್ಸಿಸ್ಟರ್ ಕೊನೇ ಕ್ಷಣದ ತನಕ ನೆಟ್ಟಗೆ ಹೋಗಿ ಆಮೇಲೆ ಚಾಕು ಹಾಕ್ದಂಗೆ ಕಟ್ ಮಾಡತ್ತೆ, ಆಗ ಆ ಜೇನುಗುಂಯ್ ತರದ ಸೌಂಡು. ಅದೂ ಅಲ್ದೆ ವಾಲ್ವ್ ರೆಕ್ಟಿಫೈಯರ್ (ಎಸಿನ ಡಿಸಿ ಮಾಡೋ ವಾಲ್ವ್) ಇರೋ ಆಂಪಲ್ಲಿ ಜೋರಾಗಿ ಒಂದು ಕಾರ್ಡ್ ಹೊಡೆದ್ರೆ ಸಪ್ಲೈ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳತ್ತೆ, ನೋಟು ಒತ್ತಿ ಹಿಡಿದು ಬಿಟ್ಟಂಗೆ ಬೆರಳಿಗೇ ಗೊತ್ತಾಗತ್ತೆ, ಕೂತು ಕೇಳೋನಿಗೆ ಅಷ್ಟು ಗೊತ್ತಾಗ್ದೇ ಇರ್ಬಹುದು.

ಹಂಗಂತ ಟ್ರಾನ್ಸಿಸ್ಟರ್ ಅಂದ್ರೆ ಮೂಗು ಮುರಿಯೋನಲ್ಲ ನಾನು. ರೋಲೆಂಡ್ ಜಾಝ್ ಕೋರಸ್ ಜೆಸಿ-120 ಅಂತ 1975ರಿಂದ ಬರ್ತಿದೆ, ಪೂರ್ತಿ ಟ್ರಾನ್ಸಿಸ್ಟರ್, ಕ್ಲೀನ್ ಸೌಂಡಿಗೆ ಅದರಪ್ಪ ಇಲ್ಲ. ಡರ್ಟ್, ಅಂದ್ರೆ ಆ ಓವರ್‌ಲೋಡ್ ಸೌಂಡ್ ಬೇಕಾದ್ರೆ ಮಾತ್ರ ಇಎಲ್34 ವಾಲ್ವ್ ಆಂಪ್ ಕಡೆ ಓಡ್ತೀನಿ. ಆದ್ರೆ ಬಸವನಗುಡಿಯ ಬಾಡಿಗೆ ಮನೇಲಿ 50 ವ್ಯಾಟ್ ವಾಲ್ವ್ ಆಂಪ್ ಫುಲ್ ತಿರುಗ್ಸಿದ್ರೆ ಓನರ್ ಆ ದಿನವೇ ಮನೆ ಖಾಲಿ ಮಾಡುಸ್ತಾರೆ, ಅದಕ್ಕೇ ಈಗ ಹೆಚ್ಚಾಗಿ ಮಾಡೆಲಿಂಗ್ ಪೆಡಲ್ಲು, ಹೆಡ್‌ಫೋನು.

ವಾಲ್ವ್ ಮೆಕ್ಯಾನಿಕ್, ಹುಬ್ಬಳ್ಳಿ

ಇಷ್ಟೆಲ್ಲ ಇಂಗ್ಲಿಷ್ ಲೆಕ್ಕ ನಡದದ, ನಂದೂ ಎರಡ ಮಾತ ಇರ್ಲಿ. ನಾ ರೇಡಿಯೋ, ಮೈಕ್ ಸೆಟ್ಟ ರಿಪೇರಿ ಮಾಡ್ಕೋತ ಬಂದಾಂವ, ವಾಲ್ವೂ ನೋಡೀನಿ, ಆಮ್ಯಾಲ ಬಂದ ಟ್ರಾನ್ಸಿಸ್ಟರೂ ನೋಡೀನಿ. ಟ್ರಾನ್ಸಿಸ್ಟರ್ ಸೌಂಡ್ ಕರ್ಕಶ ಅನ್ನೋ ಕೆಟ್ಟ ಹೆಸರು ಸುಳ್ಳ ಬಂದದ್ದಲ್ಲ ನೋಡ್ರಿ. ಮೊದಲ ಬಂದ ಸೆಟ್ಟಿನ್ಯಾಗ ಎಸಿ128 ಅಂಥಾ ಜರ್ಮೇನಿಯಂ ಮಾಲು, ಬ್ಯಾಸಗಿ ಬಿಸಲಿಗೆ ಬಯಾಸ್ (ಸುಮ್ನ ಇದ್ದಾಗ ಎಷ್ಟು ಕರೆಂಟ್ ಹರೀಬೇಕು ಅನ್ನೂ ಹೊಂದಾಣಿಕಿ) ಎಲ್ಲೆಲ್ಲೋ ಓಡಿ ಹೋಗತಿತ್ತು. ಬ್ಯಾಟರಿ ಉಳಸಾಕ ಕ್ಲಾಸ್ ಬಿ ಮಾಡಿರತಿದ್ರು, ಅಂದ್ರ ಅಲೆ ಮ್ಯಾಲಿನ ಅರ್ಧ ಒಂದು ಟ್ರಾನ್ಸಿಸ್ಟರ್, ತೆಳಗಿನ ಅರ್ಧ ಇನ್ನೊಂದು, ಕೈ ಬದಲಾಗೂ ಹೊತ್ತಿನ್ಯಾಗ ನಡುವ ಒಂದು ಕಚ್ಚು ಬೀಳತದ. ಆ ಕಚ್ಚಿನ ಅಳತಿ ಅಷ್ಟ ಇರತದ, ಹಾಡು ಸಣ್ಣಗ ಇಟ್ಟಷ್ಟೂ ಅದ ದೊಡ್ಡದಾಗಿ ಕೇಳತದ. ವಾಲ್ವ್‌ದು ಉಲ್ಟಾ, ವಾಲ್ಯೂಮ್ ಇಳಿಸಿದಂಗ ಡಿಸ್ಟಾರ್ಷನ್ನೂ ಇಳಕೋತ ಹೋಗತದ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಸಣ್ಣಗ ಇಟಗೊಂಡು ಬೈಠಕ್ ಕೇಳೂ ಮಂದಿಗೆ ವಾಲ್ವ್ ರೇಡಿಯೋ ಯಾಕ ಛಲೋ ಅನಸತಿತ್ತು ಅನ್ನೂದು ಇದರಾಗ ಅದ.

ಆಮ್ಯಾಲ ಸಿಲಿಕಾನ್ ಬಂತು, ಆದ್ರೂ ಎರಡು ಅರ್ಧಕ್ಕ ಬೇಕಾದ ಎದುರುಬದುರು ಜಾತಿಯೊಳಗ ಪವರ್ ಪಿಎನ್‌ಪಿ ಛಲೋವು ಸಿಗವಲ್ವಾಗಿದ್ದು, ಎರಡೂ ಕಡೆ ಎನ್‌ಪಿಎನ್ ಜಾತೀದ ಹಾಕಿ, 2ಎನ್3055 ಜೋಡಿ ಅಂದ್ರ ನಮ್ಮ ಕಡೆ ಮನಿಮನ್ಯಾಗ ಗೊತ್ತು, ಹಂಗ ಹೊಂದಿಸಿ ನಡಸತಿದ್ರು. ಅವು ಜೋರಾಗಿ ಇಟ್ರ ಛಲೋ, ಸಣ್ಣಗ ಇಟ್ರ ಮತ್ತ ಅದ ಕಥಿ. ಈಗಿನ ಆಂಪು ಅಂಥಾವಲ್ಲ ಬಿಡ್ರಿ, ಹಳೇ ಬೈಗುಳ ಹೊಸ ಮಾಲಿಗೆ ಹಚ್ಚಬಾರದು.

ಜಾತ್ರ್ಯಾಗಿನ ಮೈಕ್ ಸೆಟ್ಟಂತೂ ವಾಲ್ವ್ ಇದ್ದಾಗ ಫುಲ್ ತಿರುವಿ ಹಾರ್ನ್ ಹಚ್ಚಿದ್ರೂ ಮಾತು ತಿಳೀತಿತ್ತು. ಅದು ಮ್ಯಾಲಿನ ಗಿಟಾರ್ ತಮ್ಮ ಹೇಳಿದ ಓವರ್‌ಲೋಡ್ ಮಾತು.

ಈಗ ತುಂಗಾತೀರ ಅವರ ಅಟ್ಟದ ಸೆಟ್ಟಿನ ವಿಷಯ. ತರ್ರಿ, ಆದ್ರ ಮನಿಗೆ ತಂದ ಕೂಡಲೆ ಪ್ಲಗ್ಗಿಗೆ ಚುಚ್ಚಬ್ಯಾಡ್ರಿ. ಒಳಗ 300, 350 ವೋಲ್ಟ್ ಡಿಸಿ ಇರತದ, ಸ್ವಿಚ್ ತಗದ ಮ್ಯಾಲೂ ಫಿಲ್ಟರ್ ಕಂಡೆನ್ಸರ್ ಚಾರ್ಜ್ ಹಿಡಕೊಂಡು ಕುಂತಿರತದ, ಟ್ರಾನ್ಸಿಸ್ಟರ್ ಸೆಟ್ಟಿನ್ಯಾಗ ಕೈ ಹಾಕಿದಂಗ ಇದರಾಗ ಹಾಕಿದ್ರ ಜೀವಕ್ಕ ಬರತದ. ಒಂದು ಕೈ ಕಿಸೆದಾಗ ಇರ್ಲಿ, ಮೀಟರ್ ಹಚ್ಚಿ ನೋಡೇ ಮುಂದಿಂದು. ಮೊದಲ ಸಲ ಸೀರೀಸ್ ಬೋರ್ಡ್ ಮ್ಯಾಲ ಹಚ್ಚರಿ, ಅಂದ್ರ ಸೆಟ್ಟಿನ ಕರೆಂಟು ಒಂದು ಬಲ್ಬಿನೊಳಗಿಂದ ಹಾದು ಬರಬೇಕು, 60 ವ್ಯಾಟಿನ ಹಳೇ ತಂತಿ ಬಲ್ಬು ಇರ್ಲಿ, ಎಲ್‌ಇಡಿ ನಡಿಯೂದಿಲ್ಲ. ಬಲ್ಬು ಫುಲ್ ಬೆಳಗಿ ಹಂಗ ನಿಂತ್ರ ಒಳಗ ಶಾರ್ಟ್ ಅದ ಅಂತ ತಿಳೀರಿ. ಸ್ಪೀಕರ್ ಇಲ್ಲದ ಯಾವಾಗ್ಲೂ ಚಾಲೂ ಮಾಡಬ್ಯಾಡ್ರಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗತದ, ಆ ಸೆಟ್ಟಿನ್ಯಾಗ ತುಟ್ಟಿ ಸಾಮಾನು ಅಂದ್ರ ಅದ ಒಂದ. ಒಳಗ ಬಿಇಎಲ್ ಅಂತ ಬರದ ವಾಲ್ವ್ ಇದ್ರ ಒಗೀಬ್ಯಾಡ್ರಿ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನ್ಯಾಗ ಮಾಡಿದ ಇಸಿಸಿ83, ಇಎಲ್84 ಈಗ ಪರದೇಶದಾಗೂ ಹುಡುಕ್ಕೊಂಡ ತಗೋತಾರ.

ಪಣಂಬೂರು ಲೈನ್‌ಔಟ್, ಮಂಗಳೂರು

ಎಲ್ಲ ಒಪ್ಪಿದೆ ಮಾರಾಯ್ರೆ, ಆದ್ರೆ ಒಂದು ವಿಷಯ ಯಾರೂ ಕೇಳ್ಲಿಲ್ಲ, ಅಲ್ಲಿ ಮೈಸೂರಿನಲ್ಲಿ ಸ್ಪೀಕರ್ ಬೇರೆ, ರೂಮು ಬೇರೆ, ಎಲ್‌ಪಿ ಪ್ಲೇಯರ್ ಬೇರೆ, ಕಾಫಿ ಬೇರೆ, ಇದ್ರಲ್ಲಿ ಆಂಪನ್ನು ಮಾತ್ರ ಹಿಡಿದು ಹೀಗೆ ಕೇಳಿಸ್ತು ಅಂತ ಹೇಳುದು ಹೇಗೆ? ಎರಡು ಆಂಪ್ ಹೋಲಿಸುದಾದ್ರೆ ಒಂದೇ ರೂಮು, ಒಂದೇ ಸ್ಪೀಕರ್, ಲೆವೆಲ್ ಸರಿ ಮಾಡಿ, ಯಾವುದು ಓಡ್ತಾ ಉಂಟು ಅಂತ ಗೊತ್ತಿಲ್ಲದ ಹಾಗೆ ಕೇಳ್ಬೇಕು. ಅರ್ಧ ಡೆಸಿಬೆಲ್ ಜಾಸ್ತಿ ಇದ್ರೆ ಜೋರು ಅಂತ ಅನಿಸುದಿಲ್ಲ, ಚಂದ ಅಂತ ಅನಿಸ್ತದೆ, ಅಲ್ಲೇ ಎಲ್ಲರೂ ಬೀಳುದು.

ಹೀಗೆ ಸರಿಯಾಗಿ ಮಾಡಿದವರು ಇದ್ದಾರೆ. ಇಂಗ್ಲೆಂಡಿನ ಕ್ವಾಡ್ ಕಂಪೆನಿಯ ಮೂರು ಆಂಪ್, 1953ರ ವಾಲ್ವಿನ ಕ್ವಾಡ್ 2, ಆಮೇಲೆ ಟ್ರಾನ್ಸಿಸ್ಟರಿನ 303 ಮತ್ತೆ 405, ಇವನ್ನು ಇಟ್ಟು ಜೇಮ್ಸ್ ಮೊಯಿರ್ ಅನ್ನುವವರು ಪರೀಕ್ಷೆ ಮಾಡಿ 1978ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬರೆದಿದ್ರು, ಕೇಳಿದವರಿಗೆ ಯಾವುದು ಯಾವುದು ಅಂತ ಹೇಳ್ಲಿಕ್ಕೇ ಆಗ್ಲಿಲ್ಲ. ಮತ್ತೆ 1985ರಲ್ಲಿ ಬಾಬ್ ಕಾರ್ವರ್ ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದ, ನೀವು ಮೆಚ್ಚಿದ ಯಾವ ಆಂಪನ್ನಾದ್ರೂ ಕೊಡಿ ನನ್ನ ಟ್ರಾನ್ಸಿಸ್ಟರ್ ಆಂಪಲ್ಲಿ ಅದೇ ಸೌಂಡ್ ತರಿಸ್ತೇನೆ ಅಂತ. ಅವರು ಭಾರೀ ಬೆಲೆಯ ವಾಲ್ವ್ ಆಂಪ್ ಕೊಟ್ರು. ಅವನು ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟು, ಔಟ್‌ಪುಟ್ ಒಂದರಿಂದ ಒಂದು ಕಳೆದು, ಉಳಿದದ್ದನ್ನು ಕಮ್ಮಿ ಮಾಡ್ತಾ ಮಾಡ್ತಾ 70 ಡೆಸಿಬೆಲ್ ಕೆಳಗೆ ತಂದ. ಕೊನೆಗೆ ಅವರಿಗೆ ವ್ಯತ್ಯಾಸ ಸಿಗ್ಲಿಲ್ಲ, ಅದನ್ನು ಅವರೇ ಪ್ರಿಂಟ್ ಮಾಡಿದ್ರು, ಆ ಪ್ರಾಮಾಣಿಕತೆಗೆ ಶಭಾಷ್ ಹೇಳ್ಬೇಕು. ಹಾಗಾದ ಮೇಲೆ ಗಾಜು ಯಾಕೆ ಬೇಕು?

ಓಮ್ ನಮಃ

@ಪಣಂಬೂರು, ಕಾರ್ವರ್ ಕಥೆ ನನ್ ಪಾರ್ಟಿಗೇ ಓಟು ಹಾಕತ್ತೆ ಸಾರ್, ಅವ್ನು ಟ್ರಾನ್ಸಿಸ್ಟರ್ ಆಂಪನ್ನ ವಾಲ್ವ್ ತರ ಮಾಡಕ್ಕೆ ತಿದ್ದಬೇಕಾಯ್ತು ಅಂದ್ರೆ ತಿದ್ದೋ ಮೊದ್ಲು ವ್ಯತ್ಯಾಸ ಇತ್ತು ಅಂತ ತಾನೆ? ಕ್ವಾಡ್ ಟೆಸ್ಟ್ ಬಗ್ಗೆ ಹೇಳೋದಾದ್ರೆ, ಕ್ವಾಡ್ 2 ಫೀಡ್‌ಬ್ಯಾಕ್ ಹಾಕಿ ನೆಟ್ಟಗೆ ಡಿಸೈನ್ ಮಾಡಿದ ಆಂಪು, ಒಳಗೆ ಹೋದದ್ದೇ ಹೊರಗೆ ಬರ್ಬೇಕು ಅನ್ನೋ, ಕ್ವಾಡ್ ಕಂಪೆನಿ ಕಟ್ಟಿದ ಪೀಟರ್ ವಾಕರ್ ಪಂಥ. ಅದಕ್ಕೂ ಮುಂಚೆ 1947ರಲ್ಲೇ ವಿಲಿಯಮ್ಸನ್ ಕೆಟಿ66 ವಾಲ್ವ್ ಹಾಕಿ 15 ವ್ಯಾಟ್, 0.1% ಡಿಸ್ಟಾರ್ಷನ್ ಮಾಡಿ ತೋರ್ಸಿದ್ದ. ಅಂಥ ವಾಲ್ವ್ ಆಂಪು ಒಳ್ಳೇ ಟ್ರಾನ್ಸಿಸ್ಟರ್ ಆಂಪ್ ತರಾನೇ ಕೇಳೋದು, ಅದರಲ್ಲಿ ಆಶ್ಚರ್ಯ ಇಲ್ಲ. ಫೀಡ್‌ಬ್ಯಾಕ್ ಇಲ್ಲದ 300ಬಿ, ಎಂಟು ವ್ಯಾಟ್‌ದು, ತಂದು ಅದೇ ಸ್ಪೀಕರ್‌ಗೆ ಹಾಕಿದ್ರೆ ಕಣ್ಮುಚ್ಕೊಂಡು ಹೇಳ್ಬಹುದು.

@ಕೆಂಪುಹುಂಜ, ಗಿಟಾರ್ ವಿಷ್ಯ ನಿಮ್ದೇ ಸರಿ. ರಸೆಲ್ ಹ್ಯಾಮ್ ಅಂತ ಒಬ್ರು 1973ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಜರ್ನಲ್‌ನಲ್ಲಿ ಇದನ್ನೇ ಬರ್ದಿದ್ರು, ಮಾಮೂಲಿ ಲೆವೆಲಲ್ಲಿ ಅಳೆದ್ರೆ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ, ಆದ್ರೆ ಮೈಕ್ ಮುಂದೆ ಜೋರಾಗಿ ಹಾಡ್ದಾಗ ಪ್ರೀಆಂಪು (ಮೈಕ್‌ನ ಸಣ್ಣ ಸಿಗ್ನಲ್ ಮೊದ್ಲು ಎತ್ತೋ ಆಂಪು) ಒಂದು ಕ್ಷಣ ಭಾರೀ ಓವರ್‌ಲೋಡ್ ಆಗತ್ತೆ, ಆಗ ವಾಲ್ವ್, ಟ್ರಾನ್ಸಿಸ್ಟರ್, ಆಪ್‌ಆಂಪ್ ಅನ್ನೋ ಚಿಪ್ ಮೂರೂ ಮೂರು ದಾರಿ ಹಿಡೀತಾವೆ ಅಂತ. ಸ್ಟುಡಿಯೋ, ಸ್ಟೇಜು ಒಂದು ಲೋಕ, ಮನೇಲಿ ಎರಡು ವ್ಯಾಟಲ್ಲಿ ಕೇಳೋದು ಇನ್ನೊಂದು. ಈ ಎರಡನ್ನ ಕಲಸಿ ಜಗಳ ಆಡೋದ್ರಿಂದಾನೇ ಇದು ಮುಗಿಯಲ್ಲ.

ತುಂಗಾತೀರ

ಎಲ್ರಿಗೂ ಥ್ಯಾಂಕ್ಸ್. ರೆಸಿಸ್ಟರ್ ಹಾಕಿ ನೋಡ್ದೆ. ತಂಗಿ ಹತ್ರ ಹಾಕ್ಸಿ ತೆಗ್ಸಿ, ನಾನು ಬೆನ್ನು ತಿರುಗ್ಸಿ ಕೂತೆ, ಮೊದ್ಲು ಮೊಬೈಲಲ್ಲಿ ಒಂದು ಟೋನ್ ಪ್ಲೇ ಮಾಡಿ ಸ್ಪೀಕರ್ ಟರ್ಮಿನಲ್ ಹತ್ರ ಮೀಟರ್ ಹಿಡಿದು ಲೆವೆಲ್ಲೂ ಸರಿ ಮಾಡ್ಕೊಂಡ್ವಿ. ವ್ಯತ್ಯಾಸ ಇದೆ, ಸುಲಭವಾಗಿ ಹಿಡಿಬಹುದು. ವೀಣೆಯ ಮಂದ್ರ ಸ್ಥಾಯಿ ಮೈಸೂರಲ್ಲಿ ಕೇಳಿದ ಕಡೆಗೆ ವಾಲತ್ತೆ, ಗಾಯಕರ ದನಿ ಒಂಚೂರು ಮುಂದೆ ಬರತ್ತೆ. ಆದ್ರೆ ಮೃದಂಗದ ತೊಪ್ಪಿ ಪೆಟ್ಟು ಸ್ವಲ್ಪ ಮೆತ್ತಗಾಯ್ತು, ಮೊದ್ಲು ಠಪ್ ಅಂತ ನಿಲ್ತಿತ್ತು ಈಗ ಧುಮ್ ಅಂತ ಎಳೀತದೆ. ತಂಗಿಗೆ ರೆಸಿಸ್ಟರ್ ಇಲ್ದೇ ಇರೋದೇ ಇಷ್ಟ ಆಯ್ತು, ನಂಗೆ ವೀಣೆ ಕೊಳಲಿಗೆ ಇದು, ಬೇರೆದಕ್ಕೆ ಅದು. ಪೂರ್ತಿ ಮೈಸೂರ್ ಸೌಂಡಂತೂ ಬಂದಿಲ್ಲ.

ಮಿಣಮಿಣ ಆಂಪ್ ಕಾರ್ಟಿಂದ ತೆಗ್ದೆ. ಅಟ್ಟದ ಸೆಟ್ಟು ಬಂದಿದೆ, ನಾಲ್ಕು ಇಎಲ್84, ಎರಡರ ಮೇಲೆ ಬಿಇಎಲ್ ಅಂತ ಇದೆ. ಇನ್ನೂ ಆನ್ ಮಾಡಿಲ್ಲ. ಆ ರೆಸಿಸ್ಟರ್‌ಗಳನ್ನ ಖಾಯಂ ಆಗಿ ಬಿಟ್ರೆ ತೊಂದ್ರೆ ಇದ್ಯಾ? ಮತ್ತೆ ಮೆಕ್ಯಾನಿಕ್ ಅಣ್ಣ, ಬಿಚ್ಚಿ ನೋಡಿದ್ರೆ ಕಂದು ಬಣ್ಣದ ಮೇಣ ಸೋರಿರೋ ಉದ್ದುದ್ದ ಕಂಡೆನ್ಸರ್ ಇವೆ, ಅವು ಬದಲಾಯಿಸ್ಬೇಕಾ?

ಓಮ್ ನಮಃ

ಬಿಡಬಹುದು, ಐದನೇ ಒಂದು ಭಾಗ ಪವರ್ ಬಿಸಿ ಆಗಿ ಹೋಗತ್ತೆ ಅಷ್ಟೇ. ಬೇಕಾದ್ರೆ 1 ಓಮ್ ಹಾಕಿ ನೋಡಿ, ಮೃದಂಗಕ್ಕೂ ವೀಣೆಗೂ ಮಧ್ಯ ಒಂದು ರಾಜಿ ಸಿಗಬಹುದು. ಪೂರ್ತಿ ಬಂದಿಲ್ಲ ಅಂದ್ರಲ್ಲ, ಪಣಂಬೂರು ಅವ್ರು ಹೇಳಿದ ಸ್ಪೀಕರು, ರೂಮು, ಎಲ್‌ಪಿ, ಕಾಫಿ ಎಲ್ಲಾ ಬಾಕಿ ಇದೆಯಲ್ಲ.

ವಾಲ್ವ್ ಮೆಕ್ಯಾನಿಕ್, ಹುಬ್ಬಳ್ಳಿ

ಹೌದ, ಮೇಣದ ಪೇಪರ್ ಕಂಡೆನ್ಸರ್ ಎಲ್ಲಾ ತಗೀರಿ, 630 ವೋಲ್ಟಿನ ಪಾಲಿಯೆಸ್ಟರ್ ಹಾಕ್ರಿ, ವ್ಯಾಲ್ಯೂ ಅದ ಇರ್ಲಿ. ಅವು ಲೀಕ್ ಆದ್ರ ಇಎಲ್84 ಗ್ರಿಡ್ಡಿಗೆ (ವಾಲ್ವಿಗೆ ಸಿಗ್ನಲ್ ಹೋಗೂ ತಂತಿ) ಪಾಸಿಟಿವ್ ವೋಲ್ಟೇಜ್ ಬಂದು ಒಳಗಿನ ಪ್ಲೇಟ್ ಕೆಂಪಗ ಕಾಯತದ, ವಾಲ್ವೂ ಹೋತು ಟ್ರಾನ್ಸ್‌ಫಾರ್ಮರೂ ಹೋತು. ಬದಲಿ ಮಾಡಿದ ಮ್ಯಾಲೂ ನೋಡಕೋಳ್ರಿ: ಒಂದು ಇಎಲ್84 ತಗದು ಸೆಟ್ ಚಾಲೂ ಮಾಡಿ ಆ ಸಾಕೆಟ್ಟಿನ 2ನೇ ಪಿನ್ನಿಗೆ ಮೀಟರ್ ಹಿಡೀರಿ, ಡಿಸಿ ಝೀರೋ ಇರಬೇಕು. ಒಂದ ಸಲಕ್ಕ ಒಂದ ವಾಲ್ವ್ ತಗೀರಿ, ನಾಲ್ಕೂ ತಗದ್ರ ಎಚ್‌ಟಿ (ಒಳಗಿನ ಆ ದೊಡ್ಡ ಡಿಸಿ ವೋಲ್ಟೇಜ್) ಏರಿ ಫಿಲ್ಟರ್ ಕಂಡೆನ್ಸರ್ ಪಟಾಕಿ ಆಗತದ. ಚಾಲೂ ಮಾಡಿದಾಗ ಗುಂಯ್ ಅಂತ 100 ಹರ್ಟ್ಸ್ ಹಮ್ ಬಂದ್ರ ಆ ಫಿಲ್ಟರೂ ಒಣಗಿರತಾವು, ಅವನ್ನೂ ಈಗ ಬದಲಿ ಮಾಡಿಬಿಡ್ರಿ, ಎರಡ ಸಲ ಬಿಚ್ಚೂದ್ಯಾಕ. ಫೋಟೋ ಹಾಕ್ರಿ, ಮಾಡೆಲ್ ನೋಡಿ ಬಯಾಸ್ ಹೆಂಗ ಅದ ಅಂತ ಹೇಳತೀನಿ.